ಶಿರೋಗೆ ಊಟ ಹಾಕುವವರು ಯಾರು?

ಶಿನ್‌ಚಾನ್ ಹೆಸರೆತ್ತಿದರೆ ತಾಯಂದಿರಿಗೆ ಸಿಟ್ಟು. ದೊಡ್ಡವರಿಗೆ ಎದುರು ಮಾತಾಡುತ್ತಾನೆ, ಮೈಮೇಲೆ ಬಟ್ಟೆ ನಿಲ್ಲುವುದಿಲ್ಲ, ಅವನನ್ನು ನೋಡಿ ನಮ್ಮ ಹುಡುಗರೂ ಹಾಗೇ ಕಲಿತವು ಎಂಬ ದೂರು ಊರೂರಲ್ಲಿದೆ. ಯೋಶಿತೊ ಉಸುಯಿ ಎಂಬ ಜಪಾನಿ ಚಿತ್ರಕಾರ 1990ರಲ್ಲಿ ಬರೆಯತೊಡಗಿದ ಈ ಕತೆ 1992ರಲ್ಲಿ ಟೀವಿಗೆ ಬಂತು. ಭಾರತದಲ್ಲಿ 2008ರಲ್ಲಿ ಕೆಲಕಾಲ ಅದರ ಪ್ರಸಾರವೇ ನಿಂತಿತ್ತು. ಇಷ್ಟಾದರೂ, ಸಾಕುಪ್ರಾಣಿಯ ಆರೈಕೆಯ ಮಟ್ಟಿಗೆ ಮಕ್ಕಳ ಟೀವಿಯಲ್ಲಿ ಇದರಷ್ಟು ನಿಜ ಹೇಳುವ ಕಾರ್ಯಕ್ರಮ ಇನ್ನೊಂದು ಸಿಗುವುದು ಕಷ್ಟ.

ಶಿನ್‌ಚಾನ್ ಮನೆಯಲ್ಲಿ ಶಿರೋ ಎಂಬ ಪುಟ್ಟ ಬಿಳಿ ನಾಯಿಯಿದೆ. ರಟ್ಟಿನ ಪೆಟ್ಟಿಗೆಯಲ್ಲಿ ಅನಾಥವಾಗಿ ಬಿದ್ದಿದ್ದ ಮರಿಯನ್ನು ಹುಡುಗ ಎತ್ತಿಕೊಂಡು ಬಂದ, ತಾನೇ ನೋಡಿಕೊಳ್ಳುತ್ತೇನೆ ಎಂದ. ಆಮೇಲೆ ಮರೆತ. ಊಟ ಹಾಕುವುದನ್ನು ಮರೆಯುತ್ತಾನೆ, ತಿರುಗಾಡಿಸುವುದನ್ನು ಮರೆಯುತ್ತಾನೆ. ಶಿರೋ ಖಾಲಿ ಬಟ್ಟಲಿನ ಮುಂದೆ ಕೂತಿರುತ್ತದೆ. ಕೊನೆಗೆ ಗೊಣಗುತ್ತ ಅದರ ಹೊಟ್ಟೆ ನೋಡುವವಳು ತಾಯಿ ಮಿಸಾಯೆ. ನಾಯಿ ತರುವುದು ಮಗುವಿನ ಹಟ, ಸಾಕುವುದು ತಾಯಿಯ ದುಡಿಮೆ. ಬೇರೆ ಕಾರ್ಟೂನುಗಳಲ್ಲಿ ಈ ದುಡಿಮೆಯೇ ಇರುವುದಿಲ್ಲ. ಅಲ್ಲಿ ಪ್ರಾಣಿಗೆ ಹಸಿವಾಗುವುದು ನಗಿಸುವುದಕ್ಕೆ, ಮೈ ಕೊಳೆಯಾಗುವುದು ನೊರೆ ಹಾರಿಸಿ ಸ್ನಾನ ಮಾಡಿಸುವುದಕ್ಕೆ. ಸಗಣಿ ಅಂತೂ ಯಾವ ಪ್ರಾಣಿಯೂ ಹಾಕುವುದಿಲ್ಲ.

ಈ ಪರದೆಯನ್ನು ಹಮ್ಮಿಗಿಯಂಥ ಊರಲ್ಲಿ ಕೂತು ನೋಡಿದರೆ ಹೇಗೆ ಕಾಣುತ್ತದೆ? ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನ ಹಮ್ಮಿಗಿ ತುಂಗಭದ್ರೆಯ ದಂಡೆಯ ಊರು. ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜು ಇರುವುದು ಇಲ್ಲೇ. ಹೊಳೆ ದಾಟಿದರೆ ಹೂವಿನಹಡಗಲಿ ಸೀಮೆ, ಉತ್ತರಕ್ಕೆ ಕಪ್ಪತಗುಡ್ಡ. ಎರೆಹೊಲ, ಎತ್ತು, ಎಮ್ಮೆ, ಕುರಿಹಿಂಡು ಇರುವ ನಾಡು ಇದು. ಇಲ್ಲಿಯ ಮಕ್ಕಳಿಗೆ ಪ್ರಾಣಿಯೆಂದರೆ ಶಾಲೆಗೆ ಹೋಗುವ ಮುಂಚೆ ಹೆಂಡಿಕಸ, ಬಂದಮೇಲೆ ಬಾನಿಗೆ ನೀರು, ಗೋದಲಿಗೆ ಕಣಕಿ. ಹಾಲು ಕೊಡುವ ಎಮ್ಮೆ ಬೇಸಿಗೆಯಲ್ಲಿ ದಿನಕ್ಕೆ 50ರಿಂದ 70 ಲೀಟರ್ ನೀರು ಕುಡಿಯುತ್ತದೆ. ಅಷ್ಟು ಕೊಡ ಹೊತ್ತ ಹುಡುಗಿಯೇ ಸಂಜೆ ಟೀವಿಯ ಮುಂದೆ, ಇಲ್ಲವೇ ಅಪ್ಪನ ಮೊಬೈಲಿನ ಮುಂದೆ ಕೂರುತ್ತಾಳೆ. ಅಲ್ಲಿ ಕಾಣುವ ಪ್ರಾಣಿಗಳಿಗೆ ಯಾರೂ ನೀರು ಹೊರುವುದಿಲ್ಲ.

ಮಕ್ಕಳಿಗಾಗಿಯೇ ಮೀಸಲಾದ ಚಿಂಟು ಟೀವಿ ಕನ್ನಡದಲ್ಲಿ ಶುರುವಾದದ್ದು 2009ರಲ್ಲಿ. ಡೋರಾ ಕನ್ನಡ ಮಾತಾಡಿದ್ದು ಅಲ್ಲಿ. ಅವಳ ಜೊತೆಗಾರ ಬೂಟ್ಸ್ ಎಂಬ ಕೋತಿ, ಕೆಂಪು ಬೂಟು ತೊಟ್ಟಿರುತ್ತಾನೆ. ಹೈದರಾಬಾದಿನ ಗ್ರೀನ್ ಗೋಲ್ಡ್ ಕಂಪನಿ 2008ರಲ್ಲಿ ತಂದ ಛೋಟಾ ಭೀಮ್‌ನ ಗೆಳೆಯ ಜಗ್ಗುವೂ ಕೋತಿಯೇ. ಇಬ್ಬರೂ ಮಾತಾಡುತ್ತಾರೆ. ಪ್ರಾಣಿಗಳು ಮಾತಾಡುವ ಕತೆ ನಮಗೆ ಹೊಸದೇನಲ್ಲ. ಪಂಚತಂತ್ರದಲ್ಲಿ ಮಾತಾಡಿವೆ, ಗೋವಿನ ಹಾಡಿನಲ್ಲಿ ಹುಲಿಯೂ ಹಸುವೂ ಮಾತಾಡಿವೆ. ಅವು ನೀತಿ ಹೇಳಲು ಬಂದ ಪ್ರಾಣಿಗಳು, ಅವನ್ನು ಯಾರೂ ಸಾಕಬೇಕಾಗಿರಲಿಲ್ಲ. ಮನೆಯೊಳಗಿನ ಪ್ರಾಣಿಯೇ ಬಾಯಿಬಿಟ್ಟು "ನನಗೆ ಹೊಟ್ಟೆನೋವು" ಎಂದುಬಿಟ್ಟರೆ, ಸಾಕುವವನ ಮುಖ್ಯ ಕೆಲಸವೇ ಉಳಿಯುವುದಿಲ್ಲ.

ಆ ಕೆಲಸವೆಂದರೆ ನೋಡುವುದು. ಆರೋಗ್ಯವಾಗಿರುವ ಎಮ್ಮೆ, ಆಕಳು ದಿನದಲ್ಲಿ ಏಳೆಂಟು ತಾಸು ಮೆಲುಕು ಹಾಕುತ್ತವೆ. ಮೆಲುಕು ನಿಂತರೆ ಏನೋ ಆಗಿದೆ ಎಂದೇ ಅರ್ಥ. ಮೂಗಿನ ತುದಿ ಒಣಗಿದರೆ ಜ್ವರದ ಗುಮಾನಿ, ಸಗಣಿ ಗಟ್ಟಿಯಾದರೂ ನೀರಾದರೂ ಹೊಟ್ಟೆಯ ಕಡೆ ಗಮನ. ಕಿವಿ ಜೋಲಿದ್ದು, ಹಿಂಡಿನಿಂದ ದೂರ ನಿಂತದ್ದು, ಕರುವನ್ನು ಹತ್ತಿರ ಬಿಟ್ಟುಕೊಳ್ಳದ್ದು, ಇವೆಲ್ಲ ಪ್ರಾಣಿಯ ಮಾತು. 2022ರಲ್ಲಿ ಚರ್ಮಗಂಟು ರೋಗ ಉತ್ತರ ಕರ್ನಾಟಕದ ದನಗಳನ್ನು ಹಿಡಿದಾಗ ಮೊದಲು ಕಂಡದ್ದು ಜ್ವರ, ಮೇವು ಬಿಡುವುದು, ಆಮೇಲೆ ಮೈತುಂಬ ಗಂಟು. ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳಿಂದ ಹರಡುವ ವೈರಸ್ ಅದು. ಗಂಟು ಏಳುವ ಮೊದಲೇ "ಯವ್ವಾ, ಆಕಳ ಮೆಲಕ ಹಾಕವಲ್ದು" ಎಂದು ಹೇಳುವ ಮಗು ಮನೆಯಲ್ಲಿದ್ದರೆ ಪಶುವೈದ್ಯರಿಗೆ ಒಂದು ದಿನ ಮುಂಚೆ ಫೋನು ಹೋಗುತ್ತದೆ. ಕರ್ನಾಟಕದಲ್ಲಿ ಸಂಚಾರಿ ಪಶುಚಿಕಿತ್ಸಾ ವಾಹನಕ್ಕೆ 1962ಕ್ಕೆ ಕರೆ ಮಾಡಬೇಕು. ಈ ಸಂಖ್ಯೆ ಮಕ್ಕಳ ಕಾರ್ಯಕ್ರಮದ ನಡುವೆ ಒಮ್ಮೆ ಮಿನುಗಿದರೆ ಚಾನೆಲ್ಲಿಗೆ ನಷ್ಟವೇನೂ ಇಲ್ಲ.

ಕಾರ್ಟೂನಿನ ಊಟದ ತಟ್ಟೆಯಲ್ಲೂ ಎಡವಟ್ಟುಗಳಿವೆ. ಟಾಮ್ ಬೆಕ್ಕಿನ ಮುಂದೆ ಸದಾ ಹಾಲಿನ ಬಟ್ಟಲು. ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲಿನ ಸಕ್ಕರೆ ಅರಗುವುದಿಲ್ಲ, ಭೇದಿಯಾಗುತ್ತದೆ. ಅವಕ್ಕೆ ಬೇಕಾದದ್ದು ನೀರು ಮತ್ತು ಮಾಂಸ. ಮಕ್ಕಳು ಪ್ರೀತಿಯಿಂದ ನಾಯಿಗೆ ತಿನ್ನಿಸುವ ಚಾಕೊಲೇಟು ಅದಕ್ಕೆ ವಿಷ. ದುಂಡನೆಯ ಗಾಜಿನ ಬುರುಡೆಯಲ್ಲಿ ಸುತ್ತುವ ಒಂಟಿ ಬಂಗಾರಮೀನು ಟೀವಿಯ ಖಾಯಂ ಚಿತ್ರ. ಸರಿಯಾಗಿ ಸಾಕಿದರೆ ಹತ್ತು ವರ್ಷ ದಾಟುವ ಆ ಮೀನು ಬುರುಡೆಯಲ್ಲಿ ಬೇಗ ಸಾಯುವುದಕ್ಕೆ ಕಾರಣ ಸ್ವಂತ ಹೊಲಸಿನಿಂದಲೇ ಕೆಡುವ ನೀರು.

ಇನ್ನು ಗಿಣ್ಣ. ಹಳ್ಳಿಯ ಮಗುವಿಗೆ ಬೆಲ್ಲ, ಏಲಕ್ಕಿ ಹಾಕಿ ಕಾಸಿದ ಗಿಣ್ಣದ ರುಚಿ ಗೊತ್ತು. ಹುಟ್ಟಿದ ಕರುವಿನ ಮೈಯಲ್ಲಿ ರೋಗ ತಡೆಯುವ ಶಕ್ತಿ ಇರುವುದಿಲ್ಲವೆಂದೇ ಹೇಳಬೇಕು. ಅದು ಬರುವುದು ಗಿಣ್ಣದ ಹಾಲಿನಿಂದ. ಆ ಶಕ್ತಿಯನ್ನು ಕರುಳು ಹೀರಿಕೊಳ್ಳುವುದು ಮೊದಲ ಒಂದು ದಿನ ಮಾತ್ರ, ಅದರಲ್ಲೂ ಮೊದಲ ಕೆಲವು ತಾಸುಗಳಲ್ಲಿ ಹೆಚ್ಚು. ಕರುವಿನ ತೂಕದ ಹತ್ತನೇ ಒಂದು ಪಾಲಿನಷ್ಟು ಗಿಣ್ಣದ ಹಾಲು ಅದರ ಹೊಟ್ಟೆಗೆ ಹೋಗಬೇಕು ಎನ್ನುತ್ತಾರೆ ಪಶುವೈದ್ಯರು. ಮೂವತ್ತು ಕಿಲೋ ಕರುವಿಗೆ ಮೂರು ಲೀಟರು. ಓಣಿಗೆಲ್ಲ ಹಂಚುವ ಗಿಣ್ಣದ ಲೆಕ್ಕ ಅದಾದ ಮೇಲೆ.

ನಾಯಿಯ ವಿಷಯಕ್ಕೆ ಬಂದರೆ ಟೀವಿಯ ಮೌನ ಅಪಾಯದ ಮಟ್ಟ ಮುಟ್ಟುತ್ತದೆ. ಪರದೆಯ ಮಕ್ಕಳು ಸಿಕ್ಕ ನಾಯಿಯನ್ನೆಲ್ಲ ಅಪ್ಪುತ್ತಾರೆ, ತಿನ್ನುವಾಗ ಮುಟ್ಟುತ್ತಾರೆ, ಮಲಗಿದ್ದಾಗ ಎಬ್ಬಿಸುತ್ತಾರೆ. ಬಾಲ ಹೊಟ್ಟೆಗೆ ಸೇರಿಸಿ, ಕಿವಿ ಹಿಂದಕ್ಕೆಳೆದು, ಮೈ ಬಿಗಿಹಿಡಿದು ನಿಂತ ನಾಯಿ ಹೆದರಿದೆ. ಅದನ್ನು ಬಿಟ್ಟು ದೂರ ಸರಿಯಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಹುಚ್ಚು ಹಿಡಿದಿರಬಹುದಾದ ಪ್ರಾಣಿಗಳಿಂದ ಕಚ್ಚಿಸಿಕೊಳ್ಳುವ ನೂರರಲ್ಲಿ ನಲವತ್ತು ಮಂದಿ 15 ವರ್ಷದೊಳಗಿನವರು. ಕಚ್ಚಿದರೆ, ಪರಚಿದರೂ ಸಹ, ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಬೇಕು, ತಡಮಾಡದೆ ಆಸ್ಪತ್ರೆಗೆ ಹೋಗಿ ಲಸಿಕೆ ಶುರುಮಾಡಿಸಬೇಕು. ಖಾರದಪುಡಿ, ಅರಿಸಿನ, ಸುಣ್ಣ ಮೆತ್ತುವುದು ಬೇಡ. ರೇಬೀಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಬದುಕುವ ಆಸೆ ಇಲ್ಲವೆಂದೇ ಲೆಕ್ಕ. ಮಕ್ಕಳಿಗೆ ಬೈಗುಳದ ಭಯವೇ ಹೆಚ್ಚು, ನಾಯಿ ಪರಚಿದ್ದನ್ನು ಮನೆಯಲ್ಲಿ ಹೇಳುವುದಿಲ್ಲ. ಹೇಳಬೇಕು ಎಂಬುದನ್ನು ಒಂದು ಕಾರ್ಟೂನು ನಾಯಿಯ ಬಾಯಿಂದ ಹೇಳಿಸಿದರೆ ನೂರು ಗೋಡೆಬರಹಕ್ಕಿಂತ ಚೆನ್ನಾಗಿ ನಾಟುತ್ತದೆ. ಪ್ರಾಣಿ ಮಾತಾಡುವುದಕ್ಕೆ ನಮ್ಮ ತಕರಾರು ಅಲ್ಲಿಗೆ ಮುಗಿಯುತ್ತದೆ.

ಟೀವಿ ನೋಡಿ ಪ್ರಾಣಿ ಕೊಳ್ಳುವ ಚಾಳಿಯೂ ಇದೆ. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹಿಂದೆಯೇ ಓಡಿದ ಪಗ್ ನಾಯಿಯನ್ನು ನೆನೆಸಿಕೊಳ್ಳಿ. ಅದಾದ ಮೇಲೆ ಪಗ್ ಮರಿಗಳಿಗೆ ದೇಶದಲ್ಲೆಲ್ಲ ಬೇಡಿಕೆ ಬಂತು. ಚಪ್ಪಟೆ ಮೂಗಿನ ಆ ತಳಿಗೆ ಉಸಿರಾಟವೇ ತ್ರಾಸು; ಗದಗಿನ ಏಪ್ರಿಲ್ ಬಿಸಿಲು ಅದಕ್ಕೆ ಹೇಳಿಸಿದ್ದಲ್ಲ. ಮರಿ ಹುಟ್ಟಿಸಿ ಮಾರುವ ದಂಧೆಯ ಕ್ರೌರ್ಯವನ್ನು ಕನ್ನಡದ ಪರದೆಯ ಮೇಲೆ ಎತ್ತಿ ತೋರಿಸಿದ ಶ್ರೇಯ ಕಿರಣ್‌ರಾಜ್ ಅವರ '777 ಚಾರ್ಲಿ'ಗೆ ಸಲ್ಲಬೇಕು. 2022ರ ಆ ಚಿತ್ರದ ಲ್ಯಾಬ್ರಡಾರ್ ಅಂಥ ಒಂದು ಜಾಗದಿಂದ ತಪ್ಪಿಸಿಕೊಂಡು ಬಂದದ್ದು. ಪಂಜರದ ಗಿಳಿ, ತೊಟ್ಟಿಯ ನಕ್ಷತ್ರ ಆಮೆ ಕೂಡ ಚಿತ್ರಕತೆಗಳಲ್ಲಿ ಮುದ್ದಿನ ಗೆಳೆಯರು. ನಮ್ಮ ಕಾಡು ಗಿಳಿಯನ್ನಾಗಲಿ, ಬಯಲುಸೀಮೆಯ ನಕ್ಷತ್ರ ಆಮೆಯನ್ನಾಗಲಿ ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ.

ಕ್ಯಾಮೆರಾದ ಹಿಂದಿನ ಕತೆಗಳು ಬೇರೆ. ಬಿಬಿಸಿಯ 'ಬ್ಲೂ ಪೀಟರ್' ಮಕ್ಕಳ ಕಾರ್ಯಕ್ರಮ 1962ರಲ್ಲಿ ಒಂದು ನಾಯಿಮರಿಯನ್ನು ತೋರಿಸಿತು. ಮನೆಯಲ್ಲಿ ನಾಯಿ ಸಾಕಲಾಗದ ಮಕ್ಕಳಿಗೂ ಒಂದು ನಾಯಿ ಇರಲಿ ಎಂಬ ಸದುದ್ದೇಶ. ಮರಿ ಎರಡೇ ದಿನದಲ್ಲಿ ಸತ್ತಿತು. ತಯಾರಕರು ಸುದ್ದಿ ಮುಚ್ಚಿಟ್ಟು, ಅದರಂತೆಯೇ ಕಾಣುವ ಇನ್ನೊಂದನ್ನು ಹುಡುಕಿ ತಂದರು. ಪೆಟ್ರಾ ಎಂದು ಮಕ್ಕಳೇ ಹೆಸರಿಟ್ಟದ್ದು ಈ ಎರಡನೆಯದಕ್ಕೆ. ಅಮೆರಿಕದಲ್ಲಿ 1964ರಿಂದ ಬಂದ 'ಫ್ಲಿಪ್ಪರ್' ಧಾರಾವಾಹಿಯ ಡಾಲ್ಫಿನ್‌ಗಳನ್ನು ಪಳಗಿಸಿದ ರಿಕ್ ಓಬ್ಯಾರಿ, ಅವುಗಳಲ್ಲೊಂದು 1970ರಲ್ಲಿ ತನ್ನ ಕೈಯಲ್ಲೇ ಸತ್ತಮೇಲೆ ಕಸುಬು ಬಿಟ್ಟು ಡಾಲ್ಫಿನ್ ಬಿಡುಗಡೆಯ ಹೋರಾಟಕ್ಕಿಳಿದರು. ಭಾರತ ಡಾಲ್ಫಿನ್ ಪ್ರದರ್ಶನಾಲಯಗಳು ಬೇಡವೆಂದದ್ದು 2013ರಲ್ಲಿ. ನಮ್ಮಲ್ಲಿ ಚಿತ್ರೀಕರಣಕ್ಕೆ ಪ್ರಾಣಿ ಬಳಸಲು ಪ್ರಾಣಿ ಕಲ್ಯಾಣ ಮಂಡಳಿಯ ಒಪ್ಪಿಗೆ ಬೇಕು.

ಹಾಗಾದರೆ ಹಳ್ಳಿಯೇ ಶಾಲೆ, ಟೀವಿ ದಂಡ ಎನ್ನೋಣವೇ? ಅಷ್ಟು ಸಲೀಸಿಲ್ಲ. ಬೇನೆ ಬಂದ ದನಕ್ಕೆ ಕಾದ ಕಬ್ಬಿಣದಿಂದ ಬರೆ ಹಾಕುವುದು, ಬಾಲ ತಿರುವಿ ಎತ್ತು ಎಬ್ಬಿಸುವುದು, ಕುಂಟುವ ನಾಯಿಗೆ ಕಲ್ಲು ಬೀರುವುದು ಕೂಡ ಮಕ್ಕಳು ಕಲಿಯುವುದು ದೊಡ್ಡವರನ್ನು ನೋಡಿಯೇ. ಡೋರಾಳ ಸೋದರಸಂಬಂಧಿ ಡಿಯಾಗೊ 2005ರಿಂದ ಪ್ರಾಣಿಗಳನ್ನು ಅಪಾಯದಿಂದ ಪಾರು ಮಾಡುತ್ತ ತಿರುಗುತ್ತಿದ್ದಾನೆ. ಗಾಯವಾದ ಪ್ರಾಣಿ ಕಂಡರೆ ಓಡಿಹೋಗಿ ನೋಡಬೇಕು ಎಂಬ ಹುರುಪು ಅಂಥವುಗಳಿಂದ ಬಂದಿದ್ದರೆ ಅದು ಸಣ್ಣ ಲಾಭವಲ್ಲ. ತೋಳದ ಸಂಗತಿಯೂ ಹಾಗೇ. ಕುರಿಗಾರರ ಮನೆಯ ಮಗುವಿಗೆ ತೋಳವೆಂದರೆ ಮರಿ ಹೊತ್ತೊಯ್ಯುವ ಕಳ್ಳ. 1993ರಲ್ಲಿ ದೂರದರ್ಶನ ಹಿಂದಿಯಲ್ಲಿ ತೋರಿಸಿದ 'ಜಂಗಲ್ ಬುಕ್' ಅದೇ ತೋಳಕ್ಕೆ ಮೋಗ್ಲಿಯ ತಾಯಿಯ ಸ್ಥಾನ ಕೊಟ್ಟಿತು. ತೋಳ, ಕತ್ತೆಕಿರುಬಗಳಿರುವ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ಅದರ ಅಂಚಿನಲ್ಲಿ ಬೆಳೆಯುವ ಮಕ್ಕಳಿಗೆ ಈ ಎರಡು ತೋಳಗಳೂ ಗೊತ್ತಿರುವುದು ಒಳ್ಳೆಯದು.

ನಮಗೆ ಕಾಡುವ ತೊಡಕು ಇದು: ನಮ್ಮ ಟೀವಿ ಪ್ರಾಣಿಯನ್ನು ಎರಡಾಗಿ ಪಾಲು ಮಾಡಿದೆ. ಮಕ್ಕಳ ವೇಳೆಯಲ್ಲಿ ಅದು ನಗುತ್ತದೆ, ಕುಣಿಯುತ್ತದೆ. ಜಂತು, ಕೆಚ್ಚಲುಬಾವು, ಲಸಿಕೆ, ಹಾಲಿನ ದರ ಇವೆಲ್ಲ ಬರುವುದು ರೈತರ ಕಾರ್ಯಕ್ರಮದಲ್ಲಿ. 1967ರ ಜನವರಿ 26ರಂದು ದಿಲ್ಲಿ ದೂರದರ್ಶನದಲ್ಲಿ 'ಕೃಷಿ ದರ್ಶನ' ಶುರುವಾದಾಗಿನಿಂದ ಆ ಹೊತ್ತು ಅಪ್ಪಂದಿರದು ಎಂದೇ ನಡೆದುಬಂದಿದೆ. ದನದ ಮನೆಯ ಅರ್ಧ ಕೆಲಸ ಹೆಂಗಸರು, ಮಕ್ಕಳು ಮಾಡುತ್ತಾರೆಂಬುದು ಎರಡೂ ಕಡೆಯವರಿಗೆ ಹೊಳೆದಂತಿಲ್ಲ.

ಎರಡನ್ನೂ ಕೂಡಿಸುವ ಸಾಮಗ್ರಿ ಈ ಸೀಮೆಯಲ್ಲೇ ಬಿದ್ದಿದೆ. ಕಾರಹುಣ್ಣಿವೆಗೆ ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಕರಿ ಹರಿಯುತ್ತಾರೆ. ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ ಬಂದಾಗ ಮಕ್ಕಳು ಮಣ್ಣಿನಲ್ಲಿ ಎತ್ತಿನ ಜೋಡಿ ಮಾಡಿ ಕೂರಿಸುತ್ತಾರೆ. ಇಣಿ ಎಷ್ಟು ಎತ್ತರ, ಕೋಡು ಎತ್ತ ಬಾಗಿದೆ, ಗೊರಸು ಹೇಗೆ ಸೀಳಿದೆ ಎಂದು ಬೆರಳಿಗೇ ಗೊತ್ತಿರುತ್ತದೆ. ಇದರ ಸುತ್ತ ಹತ್ತು ನಿಮಿಷದ ಮಕ್ಕಳ ಕಂತು ಕಟ್ಟುವುದು ಕಷ್ಟದ ಕೆಲಸವಲ್ಲ. ಜಿ.ಪಿ. ರಾಜರತ್ನಂ ಅವರ ನಾಯಿಮರಿ ಪದ್ಯ ದಾರಿ ತೋರಿಸಿಯೇ ಇದೆ: ಅಲ್ಲಿ ಮರಿಗೆ ತಿನ್ನಲು ಸಿಗುತ್ತದೆ, ಬದಲಿಗೆ ಅದು ಮನೆ ಕಾಯುವ ಮಾತು ಕೊಡುತ್ತದೆ. ಮಗುವಿಗೂ ಪ್ರಾಣಿಗೂ ನಡುವಿನ ಕೊಡುಕೊಳೆ ಅಷ್ಟು ಚಿಕ್ಕದರಲ್ಲಿ ಬಂದಿದೆ.

ಒಂದು ಪ್ರಶ್ನೆಗೆ ಮಾತ್ರ ಯಾವ ಕಂತೂ ಇನ್ನೂ ಕೈಹಾಕಿಲ್ಲ. ಇಂಗ್ಲೆಂಡಿನ ಆರ್ಡ್‌ಮನ್ ಸ್ಟುಡಿಯೋ 2007ರಲ್ಲಿ ತಂದ 'ಶಾನ್ ದ ಶೀಪ್' ಮಾತಿಲ್ಲದ ಸರಣಿ, ಹಾಗಾಗಿ ಯಾವ ಊರಿನ ಮಗುವಿಗೂ ತಿಳಿಯುತ್ತದೆ. ಕುರಿಗಳು ರೈತನ ಕಣ್ಣು ತಪ್ಪಿಸಿ ಫುಟ್‌ಬಾಲ್ ಆಡುತ್ತವೆ, ಉಣ್ಣೆ ಕತ್ತರಿಸಿಕೊಳ್ಳುತ್ತವೆ, ಎಂದೂ ಸಂತೆಗೆ ಹೋಗುವುದಿಲ್ಲ. ಇಲ್ಲಿಯ ಕುರಿ ಹೋಗುತ್ತದೆ. ತಾಯಿ ಸತ್ತ ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸಿ, ಹೆಸರಿಟ್ಟು ಬೆಳೆಸಿದ ಹುಡುಗ, ಬಕ್ರೀದಿನ ಮುಂಚೆ ಅದು ಗಾಡಿ ಹತ್ತುವಾಗ ಏನು ಕೇಳುತ್ತಾನೆ, ಅಪ್ಪ ಏನು ಹೇಳುತ್ತಾನೆ? ಕೆಲವು ಮನೆಗಳಲ್ಲಿ ಆ ಮರಿಯನ್ನು ಬಿಟ್ಟು ಬೇರೆಯದನ್ನು ಕೊಡುತ್ತಾರೆ, ಕೆಲವು ಕಡೆ ಹುಡುಗ ಶಾಲೆಯಲ್ಲಿದ್ದಾಗ ವ್ಯಾಪಾರ ಮುಗಿಸುತ್ತಾರೆ, ಇನ್ನು ಕೆಲವರು ಮಗನನ್ನೇ ಸಂತೆಗೆ ಕರೆದೊಯ್ದು ದರ ಮಾಡುವುದನ್ನು ಕಲಿಸುತ್ತಾರೆ.