ಘ್ರಾಣಾನುಭವದ ಒಗ್ಗುವಿಕೆಯಲ್ಲಿ ಕಿರು ಆರ್‌ಎನ್‌ಎಗಳ ಪಾತ್ರ

ಒಗ್ಗರಣೆಯ ಘಾಟು ಆಗತಾನೇ ಅಡುಗೆಮನೆಗೆ ಕಾಲಿಟ್ಟವರಿಗೆ ತಟ್ಟನೆ ತಿಳಿಯುತ್ತದೆ. ಒಳಗೇ ಇರುವವರ ಗಮನಕ್ಕೆ ಬಾರದು. ಲಾಭವನ್ನಾಗಲಿ ಹಾನಿಯನ್ನಾಗಲಿ ತಾರದ ಪ್ರಚೋದನೆಯನ್ನು ಪ್ರಾಣಿಗಳು ಕ್ರಮೇಣ ಕಡೆಗಣಿಸುವ ಈ ಗುಣವೇ ಒಗ್ಗುವಿಕೆ. ಇದನ್ನು ಕೇವಲ ಮೂಗಿನ ದಣಿವೆಂದು ಭಾವಿಸುವಂತಿಲ್ಲ. ದಿನಗಟ್ಟಲೆ ಉಳಿಯುವ ಒಗ್ಗುವಿಕೆಯು ಮಿದುಳಿನಲ್ಲಿ ನಡೆಯುವ ಒಂದು ಬಗೆಯ ಕಲಿಕೆ. ಅದಕ್ಕೆ ಕಿರು ಆರ್‌ಎನ್‌ಎಗಳ ವ್ಯವಸ್ಥೆ ಅಗತ್ಯ.

ಸುಮಾರು 22 ನ್ಯೂಕ್ಲಿಯೊಟೈಡುಗಳಷ್ಟೇ ಉದ್ದದ ಮೈಕ್ರೋ ಆರ್‌ಎನ್‌ಎಯು ಆರ್ಗೊನಾಟ್ ಎಂಬ ಪ್ರೋಟೀನಿನೊಡನೆ ಸೇರಿ, ತನಗೆ ಹೊಂದುವ ಸಂದೇಶವಾಹಕ ಆರ್‌ಎನ್‌ಎಗೆ ಅಂಟಿಕೊಂಡು ಪ್ರೋಟೀನಿನ ತಯಾರಿಕೆಯನ್ನು ತಡೆಹಿಡಿಯುತ್ತದೆ. 1993ರಲ್ಲಿ ದುಂಡುಹುಳುವಿನಲ್ಲಿ ಇದನ್ನು ಬೆಳಕಿಗೆ ತಂದ ವಿಕ್ಟರ್ ಆಂಬ್ರೋಸ್ ಹಾಗೂ ಗ್ಯಾರಿ ರವ್‌ಕುನ್ ಅವರಿಗೆ 2024ರ ನೊಬೆಲ್ ಪ್ರಶಸ್ತಿ ಸಂದಿತು.

ಹಣ್ಣುನೊಣದ ಘ್ರಾಣಶಕ್ತಿಯ ಅಧ್ಯಯನವನ್ನು ಒಬೇದ್ ಸಿದ್ದೀಕಿ ಮತ್ತು ವೆರೋನಿಕಾ ರಾಡ್ರಿಗಸ್ 1970ರ ದಶಕದಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಆರಂಭಿಸಿದರು. ಈ ಪರಂಪರೆ ಮುಂದೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರದಲ್ಲಿ ಬೆಳೆಯಿತು. ಬೆಂಗಳೂರು ಮತ್ತು ಡಬ್ಲಿನ್ ತಂಡಗಳು 2011ರಲ್ಲಿ ಪ್ರಕಟಿಸಿದ ಅಧ್ಯಯನಗಳ ಪ್ರಕಾರ, ನಾಲ್ಕು ದಿನ ಒಂದೇ ವಾಸನೆಯಲ್ಲಿ ಇರಿಸಿದ ನೊಣವು ಅದಕ್ಕೆ ಪ್ರತಿಕ್ರಿಯಿಸುವುದನ್ನು ತಗ್ಗಿಸುತ್ತದೆ. ಆ ವಾಸನೆಯನ್ನು ಗ್ರಹಿಸುವ ನರಗುಚ್ಛದಲ್ಲಿ ಮಾತ್ರ ತಡೆಯೊಡ್ಡುವ ನರಸಂಕೇತ ಬಲಗೊಳ್ಳುತ್ತದೆ. ಉಳಿದ ವಾಸನೆಗಳ ಅರಿವು ಕುಂದುವುದಿಲ್ಲ.

ಒಂದೇ ಗುಚ್ಛದಲ್ಲಿ ಈ ಬದಲಾವಣೆ ಹೇಗೆ ಸಾಧ್ಯ? ಅದೇ ವರ್ಷ ಮಣಿ ರಾಮಸ್ವಾಮಿಯವರ ತಂಡ, 2010ರಲ್ಲಿ ನಿಧನರಾದ ರಾಡ್ರಿಗಸ್ ಅವರೂ ಪಾಲುಗೊಂಡಿದ್ದ ಸಂಶೋಧನೆಯಲ್ಲಿ, ಉತ್ತರವೊಂದನ್ನು ನೀಡಿತು. ಆ ಗುಚ್ಛದಿಂದ ಸಂಕೇತವನ್ನು ಒಯ್ಯುವ ನರಕೋಶಗಳಲ್ಲಿ ಅಟಾಕ್ಸಿನ್-2 ಎಂಬ ಪ್ರೋಟೀನನ್ನು ತಗ್ಗಿಸಿದಾಗ, ಆ ಕೋಶಗಳು ಸ್ಪಂದಿಸುವ ವಾಸನೆಗೆ ದೀರ್ಘಕಾಲಿಕ ಒಗ್ಗುವಿಕೆ ಉಂಟಾಗಲಿಲ್ಲ. ಮೈಕ್ರೋ ಆರ್‌ಎನ್‌ಎಗಳ ತಡೆ ಕೆಲಸಮಾಡಲು ಅಟಾಕ್ಸಿನ್-2 ಅಗತ್ಯವೆಂಬುದೂ, ಒಗ್ಗುವಿಕೆಯಲ್ಲಿ ಅದು ಆರ್ಗೊನಾಟ್-1ರ ಜೊತೆಗೂಡಿ ವರ್ತಿಸುತ್ತದೆಂಬುದೂ ತಿಳಿದುಬಂದವು.

ಈ ಅರಿವಿನ ಮಹತ್ವ ನೊಣಕ್ಕಷ್ಟೇ ಸೀಮಿತವಲ್ಲ. ಮನುಷ್ಯರಲ್ಲಿ ಅಟಾಕ್ಸಿನ್-2ರ ಜೀನಿನೊಳಗಿನ ಒಂದು ಆವರ್ತನೆ ಮಿತಿಮೀರಿ ಉದ್ದವಾದರೆ ನಡಿಗೆಯ ಸಮತೋಲವನ್ನು ಕೆಡಿಸುವ ಆನುವಂಶಿಕ ನರರೋಗ ತಲೆದೋರುತ್ತದೆ. 2014ರಲ್ಲಿ ಒಗ್ಗುವಿಕೆಗೆ ಅಟಾಕ್ಸಿನ್-2ರ ಸಹವರ್ತಿಯೆಂದು ತೋರಿಸಲಾದ ಎಫ್‌ಎಂಆರ್‌ಪಿ ಪ್ರೋಟೀನು ಇಲ್ಲವಾದರೆ ಫ್ರಜೈಲ್ ಎಕ್ಸ್ ಎಂಬ ಬೌದ್ಧಿಕ ನ್ಯೂನತೆ ಉಂಟಾಗುತ್ತದೆ; ಅಂತಹ ಅನೇಕ ಮಕ್ಕಳಿಗೆ ದಿನನಿತ್ಯದ ಸದ್ದು, ಸ್ಪರ್ಶಗಳೂ ಸಹಿಸಲಾಗದಷ್ಟು ತೀವ್ರವಾಗಿ ತೋರುತ್ತವೆ. ಬೇಡವಾದುದನ್ನು ಕಡೆಗಣಿಸುವ ಸಾಮರ್ಥ್ಯವೂ ನೆಮ್ಮದಿಯ ಬದುಕಿಗೆ ಅಗತ್ಯವೆಂಬುದು ಇದರಿಂದ ವ್ಯಕ್ತವಾಗುತ್ತದೆ.