ಬಾಬ್ಕಾ: ಮೇಲೆ ಕಂದು, ನಡುವೆ ಹಸಿ ಯಾಕಾಗುತ್ತೆ?

ಈ ಸಲದ ಮಾತು ಬಾಬ್ಕಾ ಬಗ್ಗೆ. ಕೆಫೆಗಳ ಗಾಜಿನ ಕಪಾಟಿನಲ್ಲಿ ನೋಡಿರ್ತೀರಿ: ಇಟ್ಟಿಗೆ ಆಕಾರದ ಬ್ರೆಡ್ಡು, ಮೇಲೆ ಜಡೆ ಹೆಣೆದ ಹಾಗೆ ತಿರುವು, ಕತ್ತರಿಸಿದರೆ ಒಳಗೆ ಚಾಕೊಲೇಟಿನ ಸುರುಳಿ. ಮನೇಲಿ ಮಾಡೋಕೆ ಹೊರಟರೆ ಮೈದಾ ಅಗ್ಗ, ಬೆಣ್ಣೆ ಮತ್ತು ಚಾಕೊಲೇಟು ಅಗ್ಗ ಅಲ್ಲ. ಮೇಲಿಂದ ಶನಿವಾರ ರಾತ್ರಿಯಿಂದ ಭಾನುವಾರ ಮಧ್ಯಾಹ್ನದವರೆಗಿನ ಹೊತ್ತು. ಇಷ್ಟೆಲ್ಲ ಸುರಿದು ಕೊನೆಗೆ ನಡುವೆ ಹಸಿ ಹಿಟ್ಟು ಸಿಕ್ಕರೆ ಹೊಟ್ಟೆ ಉರಿಯುತ್ತೆ. ರೆಸಿಪಿ ವಿಡಿಯೋಗಳು ಏನು ಮಾಡಬೇಕು ಅಂತ ಹೇಳ್ತವೆ, ಯಾಕೆ ಅಂತ ಹೇಳೋದು ಕಡಿಮೆ. ಆ 'ಯಾಕೆ' ಗೊತ್ತಿಲ್ಲದಿದ್ರೆ ಚೆನ್ನೈನ ಮೇ ತಿಂಗಳಿಗೂ ದೆಹಲಿಯ ಜನವರಿಗೂ ಒಂದೇ ರೆಸಿಪಿ ಹೊಂದಿಸೋಕೆ ಆಗಲ್ಲ.

ಮೊದಲು ಸ್ವಲ್ಪ ಊರುಕೇರಿ. ಬಾಬ್ಕಾ ಅಂದ್ರೆ ಪೋಲಿಷ್, ಉಕ್ರೇನಿಯನ್ ಭಾಷೆಗಳಲ್ಲಿ ಅಜ್ಜಿಯನ್ನು ಮುದ್ದಿನಿಂದ ಕರೆಯೋ ಪದ. ಅಲ್ಲಿನ ಕ್ರೈಸ್ತರ ಮನೆಗಳಲ್ಲಿ ಈಸ್ಟರ್ ಹಬ್ಬಕ್ಕೆ ಮಾಡೋ ಬಾಬ್ಕಾ ಎತ್ತರದ ಕೇಕಿನ ಥರ ಇರುತ್ತೆ. ನಾವು ನೋಡೋ ಹೆಣೆದ ಬ್ರೆಡ್ಡು ಪೂರ್ವ ಯೂರೋಪಿನ ಯಹೂದಿಗಳ ಅಡುಗೆಮನೆಯದು. ಸಬ್ಬತ್ ದಿನಕ್ಕೆ ಖಲಾ ಅನ್ನೋ ಬ್ರೆಡ್ಡು ಮಾಡ್ತಾರಲ್ಲ, ಅದರ ಮಿಕ್ಕ ಹಿಟ್ಟಿಗೆ ಜಾಮ್ ಇಲ್ಲಾ ದಾಲ್ಚಿನ್ನಿ ಸಕ್ಕರೆ ಹಾಕಿ ಸುತ್ತಿ ಬೇಯಿಸೋದು. ವಲಸೆ ಹೋದವರ ಜೊತೆ ಅದು ನ್ಯೂಯಾರ್ಕಿಗೆ ಹೋಯ್ತು, ಅಮೆರಿಕದಲ್ಲಿ ಒಳಗಡೆ ಚಾಕೊಲೇಟು ಸೇರಿತು. ಇಸ್ರೇಲಿನಲ್ಲಿ ಹೆಚ್ಚುಕಮ್ಮಿ ಇದನ್ನೇ ಕ್ರಾಂಟ್ಸ್ ಕೇಕ್ ಅಂತಾರೆ. 1994ರ ಸೈನ್‌ಫೆಲ್ಡ್ ಧಾರಾವಾಹಿಯ ಒಂದು ಕಂತಿನಲ್ಲಿ ಬೇಕರಿಯ ಕೊನೇ ಚಾಕೊಲೇಟ್ ಬಾಬ್ಕಾಗೆ ನಡೆಯೋ ಒದ್ದಾಟ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಇನ್ನೊಂದು ಮಾತು: ಯಹೂದಿ ಆಹಾರ ನಿಯಮದಲ್ಲಿ ಮಾಂಸ ಮತ್ತು ಹಾಲಿನ ಪದಾರ್ಥ ಒಂದೇ ಊಟದಲ್ಲಿ ಸೇರೋ ಹಾಗಿಲ್ಲ. ಹಾಗಾಗಿ ಮಾಂಸದೂಟದ ನಂತರ ತಿನ್ನೋ ಬಾಬ್ಕಾಗೆ ಬೆಣ್ಣೆ ಬದಲು ಎಣ್ಣೆ ಅಥವಾ ಮಾರ್ಗರೀನ್. ಎಣ್ಣೆ ಹಾಕಿದ್ದು ಕಲಬೆರಕೆ ಅಂತ ಮೂಗು ಮುರಿಯೋ ಹಾಗಿಲ್ಲ.

ಈಗ ಅಳತೆ. ತೂಕದ ಮೆಷೀನ್ ಇಲ್ಲದಿದ್ರೆ ಮೊದಲು ಅದನ್ನ ತಗೊಳ್ಳಿ, ಕಪ್ಪಿನ ಲೆಕ್ಕ ಇಲ್ಲಿ ಕೈಕೊಡುತ್ತೆ. 23 ಸೆಂಟಿಮೀಟರ್ ಉದ್ದದ ಒಂದು ಬ್ರೆಡ್ ಟಿನ್ನಿಗೆ ಮೈದಾ 270 ಗ್ರಾಂ, ಸಕ್ಕರೆ 50 ಗ್ರಾಂ, ಇನ್‌ಸ್ಟಂಟ್ ಈಸ್ಟ್ 5 ಗ್ರಾಂ, ಉಪ್ಪು ಅರ್ಧ ಚಮಚ, ಒಂದು ಮೊಟ್ಟೆ, ಉಗುರುಬೆಚ್ಚಗಿನ ಹಾಲು 90 ಎಂ.ಎಲ್., ಮೆತ್ತಗಾದ ಬೆಣ್ಣೆ 75 ಗ್ರಾಂ. ಉಪ್ಪಿರೋ ಬೆಣ್ಣೆ ಆದ್ರೆ ಹಿಟ್ಟಿಗೆ ಬೇರೆ ಉಪ್ಪು ಬೇಡ. ಮೊಟ್ಟೆ ತಿನ್ನದವರು ಇನ್ನೊಂದು 40 ಎಂ.ಎಲ್. ಹಾಲು ಸೇರಿಸಿ. ಬ್ರೆಡ್ಡಿನ ಬಣ್ಣ, ಮೃದುತ್ವ ಒಂಚೂರು ಕಮ್ಮಿ ಆಗುತ್ತೆ, ಅಷ್ಟೇ.

ಬೆಣ್ಣೆಯನ್ನ ಮೊದಲೇ ಹಾಕಬೇಡಿ. ಮೈದಾಗೆ ನೀರಿನಂಶ ಸಿಕ್ಕಿ ನಾದಿದಾಗ ಅದರಲ್ಲಿರೋ ಪ್ರೋಟೀನು ಸೇರಿ ಗ್ಲುಟೆನ್ ಅನ್ನೋ ಬಲೆ ಆಗುತ್ತೆ. ಕೊಬ್ಬು ಮೊದಲೇ ಸೇರಿದ್ರೆ ಅದು ಹಿಟ್ಟಿನ ಕಣಗಳ ಮೇಲೆ ಪದರ ಕಟ್ಟಿ ಬಲೆ ಕಟ್ಟೋದನ್ನ ತಡೆಯುತ್ತೆ. ಅದಕ್ಕೇ ಮೊದಲು 10 ನಿಮಿಷ ಬೆಣ್ಣೆ ಇಲ್ಲದೆ ನಾದಿ, ಆಮೇಲೆ ಚೂರು ಚೂರಾಗಿ ಬೆಣ್ಣೆ ಸೇರಿಸ್ತಾ ಮತ್ತೆ 8–10 ನಿಮಿಷ. ಮಧ್ಯದಲ್ಲಿ ಎಲ್ಲಾ ಒಡೆದು ಕೈಗೆ ಮೆತ್ತಿಕೊಳ್ಳುತ್ತೆ, ಗಾಬರಿಯಾಗಿ ಮೈದಾ ಸುರಿಯಬೇಡಿ, ತಾನಾಗಿ ಕೂಡಿಕೊಳ್ಳುತ್ತೆ. ಒಂದು ಚೂರು ಹಿಟ್ಟು ತಗೊಂಡು ಎಳೆದಾಗ ಹರಿಯದೆ ತೆಳ್ಳಗೆ ಬೆಳಕು ಕಾಣೋ ಹಾಗಾದರೆ ಸಾಕು. ಹೋಳಿಗೆ ಕಣಕ ಎಳೆದು ನೋಡಿ ಹದ ಹೇಳೋರಿಗೆ ಇದನ್ನ ಕಲಿಸೋದು ಬೇಕಿಲ್ಲ.

ಹಿಟ್ಟನ್ನ ಒಂದು ಗಂಟೆ ಹೊರಗಿಟ್ಟು, ಮುಚ್ಚಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಇದು ಸೋಮಾರಿತನದ ಉಪಾಯ ಅಲ್ಲ. ತಣ್ಣಗಾದಾಗ ಬೆಣ್ಣೆ ಗಟ್ಟಿಯಾಗಿ ಹಿಟ್ಟು ಅಂಟದೆ ಲಟ್ಟಿಸೋಕೆ ಸಿಗುತ್ತೆ, ನಿಧಾನವಾಗಿ ಹುಳಿತು ರುಚಿನೂ ಏರುತ್ತೆ.

ಊರಣಕ್ಕೆ ಡಾರ್ಕ್ ಚಾಕೊಲೇಟು 70 ಗ್ರಾಂ, ಬೆಣ್ಣೆ 50 ಗ್ರಾಂ ಕರಗಿಸಿ, ಪುಡಿ ಸಕ್ಕರೆ 40 ಗ್ರಾಂ, ಕೋಕೋ ಪುಡಿ 20 ಗ್ರಾಂ ಕಲಸಿ. ಅಂಗಡಿಯಲ್ಲಿ 'ಕಾಂಪೌಂಡ್' ಅಂತ ಬರೆದಿರೋದು ಅಗ್ಗ. ಅದರಲ್ಲಿ ಕೋಕೋ ಬೆಣ್ಣೆ ಬದಲು ಬೇರೆ ವನಸ್ಪತಿ ಕೊಬ್ಬು ಇರುತ್ತೆ. ಕೆಲಸ ಆಗುತ್ತೆ, ಆದ್ರೆ ಇಷ್ಟು ಕಷ್ಟಪಟ್ಟ ಮೇಲೆ ಅಲ್ಲಿ ಉಳಿಸೋದು ನನಗೆ ಸರಿ ಕಾಣಲ್ಲ. ಊರಣ ಹಚ್ಚುವಾಗ ಪೀನಟ್ ಬಟರ್ ಥರ ಗಟ್ಟಿ ಇರಬೇಕು. ನೀರಾದ ಹೂರಣ ಹೋಳಿಗೆ ಒಡೆಯೋ ಹಾಗೆ ಇಲ್ಲೂ ಎಡವಟ್ಟು: ಒದ್ದೆ ಊರಣದಿಂದ ಒಲೆಯೊಳಗೆ ಹಬೆ ಎದ್ದು ಪದರಗಳು ಬಿಟ್ಟುಕೊಂಡು ಟೊಳ್ಳಾಗುತ್ತೆ. ಜಾಮ್ ಹಾಕೋರು ಬಾಣಲೆಯಲ್ಲಿ ಇನ್ನಷ್ಟು ಇಂಗಿಸಿ ಹಾಕಿ.

ತಣ್ಣನೆ ಹಿಟ್ಟನ್ನ 38 ಸೆಂಟಿಮೀಟರ್ ಉದ್ದ, 28 ಅಗಲಕ್ಕೆ ಲಟ್ಟಿಸಿ, ಅಂಚು ಬಿಟ್ಟು ಊರಣ ಹಚ್ಚಿ, ಗಿಡ್ಡ ಬದಿಯಿಂದ ಬಿಗಿಯಾಗಿ ಚಾಪೆ ಥರ ಸುತ್ತಿ. ಸುರುಳಿಯನ್ನ 20 ನಿಮಿಷ ಫ್ರೀಜರಿನಲ್ಲಿಟ್ಟು ಉದ್ದಕ್ಕೆ ಎರಡಾಗಿ ಸೀಳಿ. ಸೀಳಿದ ಮುಖ ಮೇಲಕ್ಕಿರಲಿ. ಎರಡೂ ಎಳೆಗಳನ್ನ ಒಂದರ ಮೇಲೊಂದು ದಾಟಿಸ್ತಾ ಹೆಣೆದು, ಬಟರ್ ಪೇಪರ್ ಹಾಕಿದ ಟಿನ್ನಿಗೆ ಇಳಿಸಿ. ಅಂದ ಕೆಟ್ಟರೆ ಚಿಂತೆ ಬೇಡ, ಉಬ್ಬಿದ ಮೇಲೆ ಯಾರಿಗೂ ಗೊತ್ತಾಗಲ್ಲ.

ಎರಡನೇ ಸಲ ಉಬ್ಬಿಸೋ ಹಂತದಲ್ಲೇ ನಿಮ್ಮ ಊರು ಲೆಕ್ಕಕ್ಕೆ ಬರೋದು. ಬೆಣ್ಣೆ 32–35 ಡಿಗ್ರಿ ಸೆಲ್ಸಿಯಸ್ ಹತ್ತಿರ ಕರಗುತ್ತೆ. ಚೆನ್ನೈ, ಹೈದರಾಬಾದಿನ ಬೇಸಿಗೆಯಲ್ಲಿ ಅಡುಗೆಮನೆಯೇ ಅಷ್ಟು ಬಿಸಿ ಇರುತ್ತೆ, ಬೆಣ್ಣೆ ಹಿಟ್ಟಿನಿಂದ ಜಿನುಗಿ ಟಿನ್ನಿನ ತಳಕ್ಕೆ ಇಳಿಯುತ್ತೆ. ಆಗ ಎ.ಸಿ. ಇರೋ ರೂಮಲ್ಲಿಡಿ. ದೆಹಲಿ ಚಳಿಯಲ್ಲಿ ಆಫ್ ಮಾಡಿದ ಒಟಿಜಿ ಒಳಗೆ ಒಂದು ಬಟ್ಟಲು ಬಿಸಿನೀರಿನ ಜೊತೆ ಇಟ್ಟು ಬಾಗಿಲು ಮುಚ್ಚಿ. ಒಂದು ಗಂಟೆನೋ ಎರಡು ಗಂಟೆನೋ ಅಂತ ಗಡಿಯಾರ ನೋಡಬೇಡಿ. ಬೆರಳಿಂದ ಮೆಲ್ಲಗೆ ಒತ್ತಿದ ಗುಳಿ ನಿಧಾನವಾಗಿ ಅರ್ಧ ತುಂಬಿದ್ರೆ ರೆಡಿ. ಪಟ್ಟನೆ ಮೇಲೆದ್ದರೆ ಇನ್ನೂ ಟೈಮ್ ಬೇಕು.

ಇನ್ನು ಹಸಿ ನಡುವಿನ ಪ್ರಶ್ನೆ. ಸಕ್ಕರೆ, ಹಾಲು, ಮೊಟ್ಟೆ ಇರೋ ಹಿಟ್ಟು ಮೇಲ್ಗಡೆ ಬೇಗ ಕಂದಾಗುತ್ತೆ. ಒಳಗೋ, ತಣ್ಣನೆ ಹಿಟ್ಟು, ಕೊಬ್ಬಿನ ಊರಣದ ಪದರಗಳು, ಬಿಸಿ ನಡುವಿಗೆ ತಲುಪೋಕೆ ಹೊತ್ತು ಹಿಡಿಯುತ್ತೆ. ಚಿಕ್ಕ ಒಟಿಜಿಯಲ್ಲಿ ಮೇಲಿನ ರಾಡು ಬ್ರೆಡ್ಡಿಗೆ ತೀರಾ ಹತ್ತಿರ, ಅದೂ ಸೇರಿ ಬಣ್ಣ ನಮ್ಮನ್ನ ಮೋಸ ಮಾಡುತ್ತೆ. 180 ಡಿಗ್ರಿಗೆ ಮೊದಲೇ ಕಾಯಿಸಿ, ಕೆಳಗಿನ ಹಂತದಲ್ಲಿಟ್ಟು 35–40 ನಿಮಿಷ. 20 ನಿಮಿಷಕ್ಕೆ ಮೇಲೆ ಫಾಯಿಲ್ ಸಡಿಲವಾಗಿ ಮುಚ್ಚಿ. ಕಡ್ಡಿ ಚುಚ್ಚಿ ನೋಡೋ ಪರೀಕ್ಷೆ ಇಲ್ಲಿ ಪೂರ್ತಿ ನಂಬೋ ಹಾಗಿಲ್ಲ, ಕರಗಿದ ಚಾಕೊಲೇಟು ಯಾವಾಗಲೂ ಕಡ್ಡಿಗೆ ಅಂಟುತ್ತೆ. ಅಡುಗೆ ಥರ್ಮಾಮೀಟರ್ ಇದ್ರೆ ನಡುವೆ ಚುಚ್ಚಿ: 88–90 ಡಿಗ್ರಿ ಬಂದಿದ್ರೆ ಬೆಂದಿದೆ, 80 ಇದ್ರೆ ಇನ್ನೂ ಇಡಿ. ಒಟಿಜಿಯ ಡಯಲ್ ತೋರಿಸೋ ಅಂಕಿ ಮತ್ತು ಒಳಗಿನ ನಿಜವಾದ ಬಿಸಿ ಒಂದೇ ಅಂತ ಅಂದ್ಕೋಬೇಡಿ. ಲಾಗ್ ನೋಡದೆ ಡ್ಯಾಶ್‌ಬೋರ್ಡ್ ಹಸಿರಿದೆ ಅಂತ ಮಲಗಿದ ಹಾಗೆ ಅದು.

ಬೇಯುತ್ತಿರುವಾಗಲೇ 80 ಗ್ರಾಂ ಸಕ್ಕರೆ, 60 ಎಂ.ಎಲ್. ನೀರು ಕುದಿಸಿ ಪಾಕ ಇಟ್ಟುಕೊಳ್ಳಿ. ಎಳೆ ಬರಬೇಕಿಲ್ಲ, ಸಕ್ಕರೆ ಕರಗಿದ್ರೆ ಸಾಕು. ಬ್ರೆಡ್ಡು ಹೊರಗೆ ತೆಗೆದ ತಕ್ಷಣ ಪೂರ್ತಿ ಹಚ್ಚಿಬಿಡಿ. ಜಾಸ್ತಿ ಆಯ್ತೇನೋ ಅನ್ನಿಸುತ್ತೆ, ಆದ್ರೆ ಆ ಹೊಳಪಿನ ಪದರವೇ ಬ್ರೆಡ್ಡು ಒಣಗದ ಹಾಗೆ ತಡೆಯೋದು. ಪೂರ್ತಿ ಆರಿದ ಮೇಲೆ ಮಾತ್ರ ಕತ್ತರಿಸಿ, ಇಲ್ಲಾಂದ್ರೆ ಬೆಂದದ್ದೂ ಹಸಿ ಥರಾನೇ ಕಾಣುತ್ತೆ. ಎರಡು ದಿನ ಡಬ್ಬಿಯಲ್ಲಿ ಚೆನ್ನಾಗಿರುತ್ತೆ. ಮೂರನೇ ದಿನ ಉಳಿದಿದ್ರೆ ಕಾವಲಿ ಮೇಲೆ ಸಣ್ಣ ಉರಿಯಲ್ಲಿ ಎರಡೂ ಬದಿ ಬಿಸಿ ಮಾಡಿ, ಫಿಲ್ಟರ್ ಕಾಫಿ ಜೊತೆ ತಿನ್ನಿ.