ಗೆದ್ದದ್ದು ಹೋರಿಯೋ, ಒಡೆಯನೋ, ಓಡಿಸಿದವನೋ?

ದೀಪಾವಳಿ ಬಂತೆಂದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಹಳ್ಳಿಗಳಲ್ಲಿ ಹೋರಿ ಬೆದರಿಸುವ ಸ್ಪರ್ಧೆಗಳು ಆರಂಭವಾಗುತ್ತವೆ. ಮೈಮೇಲೆ ಜೂಲ, ಕೊಂಬಿಗೆ ಬಲೂನು, ಕೊರಳಿಗೆ ಕೊಬ್ಬರಿ ಹಾರ ತೊಟ್ಟ ಹೋರಿ ಜನಸಂದಣಿಯನ್ನು ಸೀಳಿಕೊಂಡು ಓಡಬೇಕು. ಹಿಡಿಯುವವರು ಅದರ ಕೊಬ್ಬರಿ ಹರಿಯಬೇಕು. ಹರಿಯಗೊಡದೆ ಪಾರಾದ ಹೋರಿಯೇ ಗೆದ್ದಂತೆ. ಜೀವಹಾನಿಯ ಸುದ್ದಿಯೂ ಅಪರೂಪವಲ್ಲದ ಈ ಸ್ಪರ್ಧೆಯಲ್ಲಿ ಕೀರ್ತಿಯೆಲ್ಲ ಹೋರಿಗೇ ಸಲ್ಲುತ್ತದೆ. ಅದರ ಹೆಸರಿನ ಅಂಗಿ ತೊಟ್ಟ ಅಭಿಮಾನಿಗಳಿದ್ದಾರೆ, ಅದರ ಚಿತ್ರವಿರುವ ಫ್ಲೆಕ್ಸುಗಳಿವೆ. ಯಾವ ಊರಿನ ಕಣದಲ್ಲಿ ಅದು ಯಾರಿಗೂ ಮೈ ಮುಟ್ಟಗೊಡದೆ ಹೋಯಿತು, ಎಲ್ಲಿ ಕೊಬ್ಬರಿ ಹರಿದದ್ದು ನ್ಯಾಯವಾಗಿರಲಿಲ್ಲ ಎಂಬ ವಾದ ಮುಂದಿನ ದೀಪಾವಳಿಯವರೆಗೂ ನಡೆಯುತ್ತದೆ.

ರಾಣೆಬೆನ್ನೂರು ತಾಲ್ಲೂಕಿನ ಕುಪ್ಪೇಲೂರಿನಂಥ ಊರಿನವನಿಗೆ ಫಾರ್ಮುಲಾ ಒನ್ ಹುಚ್ಚು ಹಿಡಿದದ್ದಾದರೂ ಹೇಗೆ ಎಂದು ಬೆಂಗಳೂರಿನ ಮಿತ್ರರು ಕೇಳುವುದುಂಟು. ಗೋವಿನಜೋಳ, ಹತ್ತಿ, ಮೆಣಸಿನಕಾಯಿಯ ನಾಡಿಗೂ ಮೊನಾಕೊ ಬಂದರಿಗೂ ಏನು ಸಂಬಂಧ ಎಂಬುದು ಅವರ ಅಚ್ಚರಿ. ಹೋರಿಯ ಕಣದ ಅಂಚಿನಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿದವನಿಗೆ ಈ ಆಟದಲ್ಲಿ ಹೊಸದಾಗಿ ಕಲಿಯಬೇಕಾದದ್ದು ಹೆಚ್ಚೇನೂ ಇಲ್ಲ. ಯುರೋಪಿನ ರೇಸುಗಳು ನಮ್ಮ ಸಂಜೆಯ ಹೊತ್ತಿಗೆ ಬರುತ್ತಿದ್ದವು. ಕರೆಂಟು ಇದ್ದರೆ ನೋಡುತ್ತಿದ್ದೆವು, ಇಲ್ಲದಿದ್ದರೆ ಮರುದಿನದ ಪತ್ರಿಕೆಯ ಕ್ರೀಡಾಪುಟದ ಮೂಲೆಯಲ್ಲಿ ಫಲಿತಾಂಶ ಓದುತ್ತಿದ್ದೆವು. ಆ ನಾಲ್ಕು ಸಾಲಿನ ಫಲಿತಾಂಶ ಎಷ್ಟನ್ನು ಹೇಳುತ್ತದೆ, ಎಷ್ಟನ್ನು ಮುಚ್ಚಿಡುತ್ತದೆ ಎಂಬ ಪ್ರಶ್ನೆ ಆಗಿನಿಂದಲೂ ನನ್ನ ಜೊತೆಗಿದೆ.

ಕರಾವಳಿಯ ಕಂಬಳದ ಫಲಿತಾಂಶವನ್ನೇ ನೋಡಿ. ಅಲ್ಲಿ ಮೊದಲು ಕೇಳಿಬರುವುದು ಕೋಣಗಳ ಒಡೆಯನ ಊರು, ಹೆಸರು, ಆಮೇಲೆ ಓಡಿಸಿದವನದು. 2020ರ ಫೆಬ್ರುವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದಾಗ ಈ ಕ್ರಮ ತಲೆಕೆಳಗಾಯಿತು. ಇಡೀ ದೇಶ ಓಡಿಸಿದವನನ್ನು ಉಸೇನ್ ಬೋಲ್ಟ್‌ಗೆ ಹೋಲಿಸಿತೇ ಹೊರತು ಕೋಣಗಳನ್ನು ಕೇಳಲಿಲ್ಲ. ಗೌಡರು ಮಾತ್ರ ವಿನಯದಿಂದ ಶ್ರೇಯಸ್ಸಿನ ಪಾಲನ್ನು ಕೋಣಗಳಿಗೂ ಕೊಟ್ಟರು. ಹೋರಿಯ ಕಣದಲ್ಲಿ ಪಶುವಿಗೆ, ಕಂಬಳದಲ್ಲಿ ಒಡೆಯನಿಗೆ, ಮೋಟಾರು ರೇಸಿನಲ್ಲಿ ಓಡಿಸಿದವನಿಗೆ ಹಾರ ಬೀಳುತ್ತದೆ. ಫಾರ್ಮುಲಾ ಒನ್ ಈ ತೊಡಕನ್ನು ಬಲ್ಲದು. ಅದಕ್ಕೇ 1950ರಿಂದ ಚಾಲಕರಿಗೊಂದು ಪ್ರಶಸ್ತಿಯಿದ್ದರೆ, 1958ರಿಂದ ಕಾರು ಕಟ್ಟಿದವರಿಗೆ ಇನ್ನೊಂದು. ಅಭಿಮಾನಿಗಳು ಎರಡನೆಯದನ್ನು ಮರೆತುಬಿಡುತ್ತಾರೆ, ಅಷ್ಟೆ.

ಮರೆತರೆ ಏನಾಗುತ್ತದೆ ಎಂಬುದಕ್ಕೆ ನಮ್ಮವರದೇ ನಿದರ್ಶನವಿದೆ. 2005ರ ಜೂನ್ 19ರಂದು ಇಂಡಿಯಾನಾಪೊಲಿಸ್‌ನಲ್ಲಿ ನರೇನ್ ಕಾರ್ತಿಕೇಯನ್ ನಾಲ್ಕನೆಯವರಾಗಿ ಗುರಿ ಮುಟ್ಟಿ ಐದು ಅಂಕ ಪಡೆದರು. ಫಾರ್ಮುಲಾ ಒನ್ ರೇಸಿನಲ್ಲಿ ಭಾರತೀಯನೊಬ್ಬ ಗಳಿಸಿರುವ ಅಂಕಗಳು ಇಂದಿಗೂ ಅವು ಮಾತ್ರ. ಆದರೆ ಅಂದು ಮಿಶೆಲಿನ್ ಟೈರುಗಳು ಆ ಟ್ರ್ಯಾಕಿನ ಓರೆ ತಿರುವನ್ನು ತಾಳುವ ಭರವಸೆ ಇಲ್ಲವೆಂದು ಹದಿನಾಲ್ಕು ಕಾರುಗಳು ರೇಸು ಶುರುವಾಗುವ ಮುನ್ನವೇ ಪಿಟ್‌ಗೆ ಮರಳಿದ್ದವು. ಉಳಿದ ಆರರಲ್ಲಿ ಎರಡು ಫೆರಾರಿ, ಎರಡು ಜೋರ್ಡಾನ್, ಎರಡು ಮಿನಾರ್ಡಿ. ಕಾರ್ತಿಕೇಯನ್ ಹಿಂದೆ ಹಾಕಿದ್ದು ಮಿನಾರ್ಡಿಗಳನ್ನಷ್ಟೆ; ಅದೇ ಜೋರ್ಡಾನ್ ಓಡಿಸಿದ ಟಿಯಾಗೊ ಮೊಂಟೆರೊ ಅವರಿಗಿಂತ ಮುಂದಿದ್ದರು. ಈ ಐದು ಅಂಕಗಳನ್ನು ಎತ್ತಿ ಆಡಿಕೊಳ್ಳುವವರೂ ಇದ್ದಾರೆ, ಎದೆಯುಬ್ಬಿಸುವವರೂ ಇದ್ದಾರೆ. ನನಗೆ ಇಬ್ಬರ ಮೇಲೂ ಬೇಸರ. ಅದೇ ವರ್ಷದ ಅಕ್ಟೋಬರಿನಲ್ಲಿ ಸುಜುಕಾದಲ್ಲಿ, ಮಳೆ ಬಂದು ಹೋಗುತ್ತಿದ್ದ ಅರ್ಹತಾ ಸುತ್ತಿನಲ್ಲಿ, ಅದೇ ಬಡಕಲು ಜೋರ್ಡಾನನ್ನು ಕಾರ್ತಿಕೇಯನ್ ಹನ್ನೊಂದನೆಯ ಸ್ಥಾನಕ್ಕೆ ತಂದಿಟ್ಟರು. ಸರದಿಯ ಹೊತ್ತಿಗೆ ಮಳೆ ಯಾರಿಗೆ ಎಷ್ಟು ಸುರಿಯಿತು ಎಂಬ ಅದೃಷ್ಟವೂ ಅದರಲ್ಲಿತ್ತು, ನಿಜ. ಆದರೂ ಅವರ ಜೊತೆಗಾರ ಅದೇ ಕಾರಿನಲ್ಲಿ ಬಹಳ ಹಿಂದೆ ಉಳಿದಿದ್ದರು. ನಾನು ಆ ವರ್ಷದಿಂದ ನೆನಪಿಟ್ಟುಕೊಂಡಿರುವುದು ಅಂಕವೇ ಇಲ್ಲದ ಆ ಹನ್ನೊಂದನ್ನು.

ಚಾಲಕನನ್ನು ಅಳೆಯಲು ನಂಬಬಹುದಾದ ಮಾನದಂಡ ಒಂದೇ: ಅವನ ಜೊತೆಗಾರ. ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತುಗಳಲ್ಲಿ ಯಾವುದು ಎಳೆಯುತ್ತಿದೆ, ಯಾವುದು ಜೋಲುತ್ತಿದೆ ಎಂಬುದು ರೈತನಿಗೆ ತಿಳಿಯುವ ಹಾಗೆ, ಒಂದೇ ತಂಡದ ಎರಡು ಕಾರುಗಳಲ್ಲಿ ಮನುಷ್ಯನ ಪಾಲು ಎಷ್ಟೆಂಬುದು ಕಾಣುತ್ತದೆ. 1988ರಲ್ಲಿ ಮೆಕ್‌ಲಾರೆನ್ 16 ರೇಸುಗಳಲ್ಲಿ 15ನ್ನು ಗೆದ್ದಿತು. ಅಂಥ ಕಾರಿನಲ್ಲಿ ಯಾರು ಕೂತರೂ ಗೆಲ್ಲುತ್ತಿದ್ದರು ಎನ್ನಬಹುದು. ಆದರೆ ಕೂತಿದ್ದವರು ಅಯರ್ಟನ್ ಸೆನ್ನಾ ಮತ್ತು ಅಲೆನ್ ಪ್ರಾಸ್ಟ್. ಸೆನ್ನಾ ಎಂಟು ಗೆದ್ದರು, ಪ್ರಾಸ್ಟ್ ಏಳು. ಎಲ್ಲ ಅಂಕ ಕೂಡಿಸಿದರೆ ಪ್ರಾಸ್ಟ್ 105, ಸೆನ್ನಾ 94. ಉತ್ತಮವಾದ ಹನ್ನೊಂದು ಫಲಿತಾಂಶಗಳನ್ನು ಮಾತ್ರ ಎಣಿಸಬೇಕೆಂಬ ಅಂದಿನ ನಿಯಮದಿಂದ ಪಟ್ಟ ಸೆನ್ನಾಗೆ 90–87ರಿಂದ ಒಲಿಯಿತು. ಲೆಕ್ಕದ ಪದ್ಧತಿ ಬೇರೆಯಾಗಿದ್ದರೆ ಚಾಂಪಿಯನ್ನೂ ಬೇರೆ! ನನ್ನ ಮಟ್ಟಿಗೆ ಆ ವರ್ಷ ಗೆದ್ದವರು ಸೆನ್ನಾ ಅಲ್ಲ, ಪ್ರಾಸ್ಟೂ ಅಲ್ಲ; ಒಬ್ಬರನ್ನೊಬ್ಬರು ಆ ಎತ್ತರಕ್ಕೆ ಎಳೆದುಕೊಂಡು ಹೋದ ಇಬ್ಬರೂ.

ಆದರೆ ಒಂದೇ ನೊಗದ ಜಗಳ ಹೊಲವನ್ನೂ ಕೆಡಿಸಬಲ್ಲದು. 2007ರಲ್ಲಿ ಅದೇ ಮೆಕ್‌ಲಾರೆನ್‌ನಲ್ಲಿ ಫರ್ನಾಂಡೊ ಅಲೊನ್ಸೊ ಮತ್ತು ಅದೇ ತಾನೆ ಕಾಲಿಟ್ಟಿದ್ದ ಲೂಯಿಸ್ ಹ್ಯಾಮಿಲ್ಟನ್ ವರ್ಷವಿಡೀ ಕಾದಾಡಿ, ಕಡೆಗೆ ತಲಾ 109 ಅಂಕಗಳೊಂದಿಗೆ ಕೂತರು. 110 ಅಂಕ ಪಡೆದ ಫೆರಾರಿಯ ಕಿಮಿ ರೈಕೊನೆನ್ ಪ್ರಶಸ್ತಿ ಎತ್ತಿಕೊಂಡು ಹೋದರು. ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭ ಎಂಬ ಗಾದೆಗೆ ಇಷ್ಟು ಕರಾರುವಾಕ್ಕಾದ ಲೆಕ್ಕ ಬೇರೆಲ್ಲೂ ಸಿಗಲಾರದು. ಬಾಲ್ಯದ ಗೆಳೆಯರಾಗಿದ್ದ ಹ್ಯಾಮಿಲ್ಟನ್ ಮತ್ತು ನಿಕೊ ರೋಸ್‌ಬರ್ಗ್ 2014ರಿಂದ ಮೂರು ವರ್ಷ ಮರ್ಸಿಡಿಸ್‌ನಲ್ಲಿ ಮುಖ ಸಿಂಡರಿಸಿಕೊಂಡು ಓಡಿಸಿದರು. 2016ರಲ್ಲಿ ಗೆದ್ದ ರೋಸ್‌ಬರ್ಗ್ ಐದೇ ದಿನಗಳಲ್ಲಿ ನಿವೃತ್ತಿ ಘೋಷಿಸಿದರು. ಅದನ್ನು ಪಲಾಯನ ಎಂದವರಿದ್ದಾರೆ. ಹ್ಯಾಮಿಲ್ಟನ್‌ರಂಥವರನ್ನು ಸಮಾನ ಕಾರಿನಲ್ಲಿ ಒಮ್ಮೆ ಸೋಲಿಸಲು ಎಷ್ಟು ತೆರಬೇಕೆಂಬುದನ್ನು ಬಲ್ಲವನ ವಿವೇಕ ಎನ್ನುತ್ತೇನೆ ನಾನು.

ಸೆನ್ನಾ ಬಗ್ಗೆ ಇನ್ನೊಂದು ಮಾತು ಹೇಳಿದರೆ ಅವರ ಭಕ್ತರಿಗೆ ನೋವಾದೀತು. 1994ರ ಮೇ 1ರಂದು ಇಮೊಲಾದಲ್ಲಿ ಅವರು ತೀರಿಕೊಂಡ ಮೇಲೆ ಅವರನ್ನು ಟೀಕಿಸುವುದೇ ಪಾಪವೆಂಬಂತಾಗಿದೆ. (ಹಿಂದಿನ ದಿನವೇ ಅದೇ ಟ್ರ್ಯಾಕಿನಲ್ಲಿ ಸತ್ತ ರೋಲಂಡ್ ರಾಟ್ಜೆನ್‌ಬರ್ಗರ್ ಹೆಸರು ಎಷ್ಟು ಜನಕ್ಕೆ ನೆನಪಿದೆ?) ಆದರೆ 1990ರಲ್ಲಿ ಸುಜುಕಾದ ಮೊದಲ ತಿರುವಿನಲ್ಲೇ ಪ್ರಾಸ್ಟ್ ಕಾರಿಗೆ ಗುದ್ದಿ ಇಬ್ಬರನ್ನೂ ರೇಸಿನಿಂದ ಹೊರಹಾಕಿ ಸೆನ್ನಾ ಚಾಂಪಿಯನ್ ಆದರು, ಅದು ಉದ್ದೇಶಪೂರ್ವಕವೆಂದು ಮರುವರ್ಷ ತಾವೇ ಒಪ್ಪಿಕೊಂಡರು. ಆ ಪಾಠವನ್ನು ಮೈಕೆಲ್ ಶುಮಾಕರ್ ಚೆನ್ನಾಗಿಯೇ ಕಲಿತರೆಂದು ತೋರುತ್ತದೆ. 1994ರ ಅಡಿಲೇಡ್‌ನಲ್ಲಿ ಡೇಮನ್ ಹಿಲ್ ಜೊತೆಗಿನ ಡಿಕ್ಕಿ ಅವರಿಗೆ ಒಂದಂಕದ ಪ್ರಶಸ್ತಿ ತಂದಿತು. 1997ರ ಜೆರೆಜ್‌ನಲ್ಲಿ ಜಾಕ್ ವಿಲ್‌ನೆವ್ ಮೇಲೆ ಅದನ್ನೇ ಪ್ರಯೋಗಿಸಲು ಹೋದಾಗ ಲೆಕ್ಕ ತಪ್ಪಿತು. ಆ ವರ್ಷದ ಪಟ್ಟಿಯಿಂದಲೇ ಅವರ ಹೆಸರು ತೆಗೆದುಹಾಕಲಾಯಿತು.

ಇದೇ ಶುಮಾಕರ್ ಭಾಗಿಯಾದ, ನನಗೆ ಬಹುಪ್ರಿಯವಾದ ಕ್ಷಣವೊಂದಿದೆ. 2000ದ ಆಗಸ್ಟ್, ಬೆಲ್ಜಿಯಂನ ಸ್ಪಾ. ಮಿಕಾ ಹಕ್ಕಿನೆನ್ ಬೆನ್ನು ಹತ್ತಿದ್ದರು. ಒಂದು ಸುತ್ತಿನ ಹಿಂದೆ ಶುಮಾಕರ್ ಅವರನ್ನು ಹುಲ್ಲಿನ ಅಂಚಿಗೆ ಒತ್ತಿದ್ದರು. ವೇಗ ಗಂಟೆಗೆ ಸುಮಾರು 300 ಕಿ.ಮೀ. ಮುಂದಿನ ಸುತ್ತಿನಲ್ಲಿ ಅದೇ ನೇರ ಹಾದಿಯಲ್ಲಿ ರಿಕಾರ್ಡೊ ಜೊಂಟಾ ಎಂಬ ಹಿಂದುಳಿದ ಚಾಲಕನ ಕಾರು ನಡುವೆ ಬಂತು. ಶುಮಾಕರ್ ಎಡಕ್ಕೆ ಸರಿದರು, ಹಕ್ಕಿನೆನ್ ಬಲಕ್ಕೆ. ಮೂರು ಕಾರುಗಳು ಒಂದು ಕ್ಷಣ ಪಕ್ಕಪಕ್ಕದಲ್ಲಿ. ತಿರುವಿಗೆ ಬರುವಷ್ಟರಲ್ಲಿ ಹಕ್ಕಿನೆನ್ ಮುಂದೆ. ಯಾರೂ ಯಾರನ್ನೂ ಮುಟ್ಟಿರಲಿಲ್ಲ. ಆ ವರ್ಷದ ಪ್ರಶಸ್ತಿ ಶುಮಾಕರ್ ಪಾಲಾಯಿತು ಎಂಬುದು ಪಟ್ಟಿಯಲ್ಲಿದೆ. ಇರಲಿ ಬಿಡಿ.

ಹೋರಿಯ ಕಣದಲ್ಲಿ ಕೊಬ್ಬರಿ ಹರಿದದ್ದು ಗೆರೆಯ ಒಳಗೋ ಹೊರಗೋ ಎಂಬ ವಾದ ಬಂದಾಗ ಸಂಘಟಕರ ಮಾತೇ ಅಂತಿಮ. ಸೋತವರು ಗೊಣಗುತ್ತಾ ಹೋಗುತ್ತಾರೆ. ಸಾವಿರಾರು ಕೋಟಿಯ ಫಾರ್ಮುಲಾ ಒನ್ ಇದಕ್ಕಿಂತ ಮುಂದುವರಿದಿದೆ ಎಂದುಕೊಂಡಿದ್ದವರಿಗೆ 2021ರ ಡಿಸೆಂಬರ್ 12ರ ಅಬುಧಾಬಿ ಉತ್ತರ ಕೊಟ್ಟಿತು. ಹ್ಯಾಮಿಲ್ಟನ್, ಮ್ಯಾಕ್ಸ್ ವೆರ್ಸ್ಟಪೆನ್ ಇಬ್ಬರೂ 369.5 ಅಂಕಗಳೊಂದಿಗೆ ಸಮನಾಗಿ ಬಂದಿದ್ದರು. ಆ ಅರ್ಧ ಅಂಕದ ಕಥೆಯೂ ಸೊಗಸಾಗಿದೆ: ಆಗಸ್ಟಿನಲ್ಲಿ ಸ್ಪಾದಲ್ಲಿ ಸುರಿಮಳೆಯಿಂದಾಗಿ ಸೇಫ್ಟಿ ಕಾರಿನ ಹಿಂದೆ ಮೆರವಣಿಗೆ ಮಾಡಿಸಿ, ಅದನ್ನೇ ರೇಸು ಎಂದು ಕರೆದು, ಅರ್ಧ ಅಂಕ ಹಂಚಲಾಗಿತ್ತು. ಅಬುಧಾಬಿಯಲ್ಲಿ ಹ್ಯಾಮಿಲ್ಟನ್ ಮುಂದಿದ್ದಾಗ ನಿಕೊಲಸ್ ಲತೀಫಿಯ ಕಾರು ಗೋಡೆಗೆ ಬಡಿದು ಸೇಫ್ಟಿ ಕಾರ್ ಹೊರಬಂತು. ಸುತ್ತು ಹಿಂದಿದ್ದ ಕಾರುಗಳಲ್ಲಿ ಇಬ್ಬರ ನಡುವೆ ಇದ್ದ ಐದಕ್ಕೆ ಮಾತ್ರ ಮುಂದೆ ಹೋಗಲು ಬಿಟ್ಟು ರೇಸ್ ನಿರ್ದೇಶಕ ಮೈಕೆಲ್ ಮಾಸಿ ಕೊನೆಯ ಸುತ್ತಿಗೆ ರೇಸನ್ನು ಮತ್ತೆ ತೆರೆದರು. ಹೊಸ ಟೈರುಗಳಿದ್ದ ವೆರ್ಸ್ಟಪೆನ್ ದಾಟಿದರು. ಮಾಸಿ ಹುದ್ದೆ ಕಳೆದುಕೊಂಡರು, ತನಿಖಾ ವರದಿ ಅದನ್ನು ಮಾನವ ಸಹಜ ತಪ್ಪು ಎಂದಿತು, ಫಲಿತಾಂಶ ಮಾತ್ರ ಹಾಗೆಯೇ ಉಳಿಯಿತು. ವೆರ್ಸ್ಟಪೆನ್ ಆ ವರ್ಷ ಪ್ರಶಸ್ತಿಗೆ ಅನರ್ಹರಾಗಿದ್ದರು ಎಂದು ನಾನು ಹೇಳಲಾರೆ. ಆದರೆ ಅಂದಿನ ರೇಸನ್ನು ಗೆದ್ದವರು ಅವರು ಎಂದು ಹೇಳಲು ನಾಲಿಗೆ ತಡವರಿಸುತ್ತದೆ.

ಇನ್ನು ಒಡೆಯರ ಮಾತು. ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ 2007ರಲ್ಲಿ ಪಾಲುದಾರರೊಂದಿಗೆ ಸ್ಪೈಕರ್ ತಂಡವನ್ನು ಕೊಂಡು, 2008ರಿಂದ ಅದನ್ನು ಫೋರ್ಸ್ ಇಂಡಿಯಾ ಎಂದು ಓಡಿಸಿದಾಗ ಕನ್ನಡಿಗರಾದ ನಾವೂ ಬೀಗಿದೆವು. ಕಾರು ತಯಾರಾಗುತ್ತಿದ್ದುದು ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ. 2018ರವರೆಗೆ ಒಂದೇ ಒಂದು ರೇಸಿನಲ್ಲೂ ಭಾರತೀಯ ಚಾಲಕ ಅದರಲ್ಲಿ ಕೂರಲಿಲ್ಲ. ಕಾರ್ತಿಕೇಯನ್, ಕರುಣ್ ಚಂಧೋಕ್ ಇಬ್ಬರೂ ಎಚ್‌ಆರ್‌ಟಿಯಂಥ ಕೊನೆಯ ಸಾಲಿನ ತಂಡಗಳಲ್ಲೇ ಏಗಬೇಕಾಯಿತು. ತಂಡವೇನೂ ಕಳಪೆಯಲ್ಲ: 2009ರಲ್ಲಿ ಸ್ಪಾದಲ್ಲಿ ಜಿಯಾನ್‌ಕಾರ್ಲೊ ಫಿಸಿಚೆಲ್ಲಾ ಮೊದಲ ಸ್ಥಾನದಿಂದ ಹೊರಟು ರೈಕೊನೆನ್ ಬೆನ್ನಿಗೇ ಎರಡನೆಯವರಾದರು, 2016, 2017ರಲ್ಲಿ ತಂಡ ನಾಲ್ಕನೆಯ ಸ್ಥಾನ ಪಡೆಯಿತು. ಇಷ್ಟು ಸಣ್ಣ ಬಂಡವಾಳದಲ್ಲಿ ಇದು ಅಸಾಮಾನ್ಯ. ಆದರೆ ಅದೇ ಒಡೆಯನ ವಿಮಾನ ಸಂಸ್ಥೆ 2012ರಲ್ಲಿ ನೆಲಕಚ್ಚಿ ನೌಕರರು ಬಾಕಿ ಸಂಬಳಕ್ಕಾಗಿ ಬೀದಿಗಿಳಿದಾಗಲೂ ಕಾರುಗಳು ಓಡುತ್ತಲೇ ಇದ್ದವು. ಅಂದಿನಿಂದ ಆ ತಂಡದ ಅಂಕಗಳನ್ನು ನಮ್ಮವೆಂದು ಎಣಿಸಲು ನನಗೆ ಮನಸ್ಸಾಗಿಲ್ಲ. 2018ರಲ್ಲಿ ತಂಡ ದಿವಾಳಿಯ ಅಂಚಿಗೆ ಬಂದು ಕೈಬದಲಾಯಿತು. ಈಗ ಅದು ಆಸ್ಟನ್ ಮಾರ್ಟಿನ್.

ನಿಜವಾಗಿ ನಮ್ಮವರು ಎನ್ನಬಹುದಾದವರು ಪಟ್ಟಿಯ ಬೇರೆ ಮೂಲೆಗಳಲ್ಲಿದ್ದಾರೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯ; ಬಂದ ಸ್ಥಾನ 36. ಐಶ್ವರ್ಯ ಪಿಸ್ಸೆ 2019ರಲ್ಲಿ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದು ಬಂದರು. ಕಾಸರಗೋಡಿನ ಮೂಸಾ ಶರೀಫ್ 300ಕ್ಕೂ ಹೆಚ್ಚು ರ‍್ಯಾಲಿಗಳಲ್ಲಿ ಚಾಲಕನ ಪಕ್ಕ ಕೂತು, ಮುಂದಿನ ತಿರುವು ಎಂಥದೆಂದು ಓದಿ ಹೇಳಿದವರು. ಸ್ಟೀರಿಂಗ್ ಮುಟ್ಟದೆ ಗೆದ್ದವರು ಎಂದರೆ ಅವರೇ.

ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಟ್ರ್ಯಾಲಿ ಸಮೇತ ಟ್ರ್ಯಾಕ್ಟರನ್ನು ಹಿಮ್ಮುಖವಾಗಿ ಓಡಿಸುವ ಸ್ಪರ್ಧೆ ನೋಡಿದಾಗಲೆಲ್ಲ ಈ ಹುಡುಗರ ಕೈ ಎಂಥದು ಎಂದು ಬೆರಗಾಗುತ್ತೇನೆ. ಆದರೆ ಎಂಟು ವರ್ಷಕ್ಕೇ ಕಾರ್ಟ್ ಹತ್ತಿಸಿ, ಯುರೋಪಿಗೆ ಕಳಿಸಿ, ವರ್ಷವರ್ಷವೂ ಕೋಟಿಗಟ್ಟಲೆ ಸುರಿಯುವ ಮನೆತನ ಕುಪ್ಪೇಲೂರಿನಲ್ಲಿ ಎಲ್ಲಿಂದ ಬರಬೇಕು? ಬೆಂಗಳೂರಿನ ಅರ್ಜುನ್ ಮೈನಿ, ಕುಶ್ ಮೈನಿ ಸೋದರರು ಉದ್ಯಮಿಗಳ ಮನೆಯವರು. ರೇವಾ ಎಲೆಕ್ಟ್ರಿಕ್ ಕಾರು ಕಟ್ಟಿದ್ದು ಅದೇ ಮನೆತನ. ಹಣ ಬಾಗಿಲು ತೆರೆಸುತ್ತದೆ, ತಿರುವಿನಲ್ಲಿ ಬ್ರೇಕು ಒತ್ತುವುದು ಕಾಲೇ. 2024ರ ಜುಲೈನಲ್ಲಿ ಹಂಗೆರಿಯಲ್ಲಿ ಕುಶ್ ಅವರ ಮೊದಲ ಫಾರ್ಮುಲಾ 2 ಗೆಲುವು ಬಂದದ್ದು ರೇಸು ಮುಗಿದ ಮೇಲೆ, ಮುಂದಿದ್ದ ರಿಚರ್ಡ್ ವೆರ್ಶೂರ್ ಅನರ್ಹಗೊಂಡದ್ದರಿಂದ. 2025ರ ಮೇ ತಿಂಗಳಲ್ಲಿ ಮೊನಾಕೊದ ಸ್ಪ್ರಿಂಟ್ ರೇಸಿನಲ್ಲಿ ಅವರು ಮೊದಲ ಸ್ಥಾನದಿಂದ ಹೊರಟರು. ಅರ್ಹತಾ ಸುತ್ತಿನ ಮೊದಲ ಹತ್ತು ಮಂದಿಯನ್ನು ತಿರುವುಮುರುವಾಗಿ ನಿಲ್ಲಿಸುವ ನಿಯಮದಿಂದ ಸಿಕ್ಕಿದ ಸ್ಥಾನ ಅದು ಎಂದು ಯಾರಾದರೂ ಹೇಳಿಯಾರು, ಒಪ್ಪುತ್ತೇನೆ. ಆದರೆ ಎರಡೂ ಕಡೆ ಕಬ್ಬಿಣದ ತಡೆ ನಿಂತಿರುವ ಆ ಇಕ್ಕಟ್ಟಿನ ಬೀದಿಗಳಲ್ಲಿ, ಬೆನ್ನಿಗೆ ಬಿದ್ದವರಿಗೆ ಒಮ್ಮೆಯೂ ಜಾಗ ಬಿಡದೆ, ಎಲ್ಲೂ ತಗುಲದೆ ಆ ಹುಡುಗ ಕಾರನ್ನು ಕೊನೆಯ ಗೆರೆ ದಾಟಿಸಿದ. ಕೊಬ್ಬರಿ ಹಾರ ಹರಿಯಲಿಲ್ಲ.